ಕಲ್ಲಿದ್ದಲಿನ ಊರಿನ ಸೋಲಿನ ವರ್ಷ

ಗೆಲ್ಸೆನ್‌ಕಿರ್ಶೆನ್ ಎಂಬ ಊರಿನ ಹೆಸರನ್ನು ನೀವು ಬಹುಶಃ ಕೇಳಿರಲಾರಿರಿ. ಜರ್ಮನಿಗೆ ಹೋದವರು ಬರ್ಲಿನ್, ಮ್ಯೂನಿಕ್ ನೋಡಿ ಬರುತ್ತಾರೆ. ಈ ಊರಿನ ಕಡೆ ತಿರುಗುವವರು ಕಡಿಮೆ. ಪಶ್ಚಿಮ ಜರ್ಮನಿಯ ರೂರ್ ಪ್ರದೇಶದಲ್ಲಿರುವ ಇದನ್ನು ಒಂದು ಕಾಲದಲ್ಲಿ ‘ಸಾವಿರ ಬೆಂಕಿಗಳ ನಗರ’ ಎಂದು ಕರೆಯುತ್ತಿದ್ದರು. ಕಲ್ಲಿದ್ದಲ ಗಣಿಗಳು, ಉಕ್ಕಿನ ಕುಲುಮೆಗಳು ರಾತ್ರಿಯೆಲ್ಲಾ ಉರಿಯುತ್ತಿದ್ದ ಊರು ಅದು. ಗಣಿಗಳು ಒಂದೊಂದಾಗಿ ಮುಚ್ಚಿದವು. 2018ರ ಡಿಸೆಂಬರಿನಲ್ಲಿ ಪಕ್ಕದ ಬೊಟ್ರೊಪ್‌ನಲ್ಲಿದ್ದ, ಜರ್ಮನಿಯ ಕೊನೆಯ ಕಪ್ಪು ಕಲ್ಲಿದ್ದಲ ಗಣಿಗೂ ಬೀಗ ಬಿತ್ತು. ಇಂದು ಇದು ಆ ದೇಶದಲ್ಲಿ ನಿರುದ್ಯೋಗ ಅತಿ ಹೆಚ್ಚಿರುವ ಊರುಗಳಲ್ಲೊಂದು.

ಬೆಂಕಿ ಆರಿದ ಮೇಲೆ ಊರಿಗೆ ಉಳಿದದ್ದು ಒಂದು ಫುಟ್‌ಬಾಲ್ ಕ್ಲಬ್. ಹೆಸರು ಶಾಲ್ಕೆ 04. 1904ರಲ್ಲಿ ಹುಟ್ಟಿದ್ದರಿಂದ ಆ ಅಂಕಿ. ಆಟಗಾರರನ್ನು ಈಗಲೂ ‘ಗಣಿಗಾರರು’ ಎಂದೇ ಕರೆಯುತ್ತಾರೆ. ಸುಮಾರು 62 ಸಾವಿರ ಜನ ಹಿಡಿಸುವ ಕ್ರೀಡಾಂಗಣದಲ್ಲಿ ಆಟಗಾರರು ಮೈದಾನಕ್ಕೆ ಬರುವ ದಾರಿಯನ್ನು ಗಣಿಯ ಸುರಂಗದಂತೆ ಕಟ್ಟಿದ್ದಾರೆ. ಏಳು ಸಲ ಜರ್ಮನಿಯ ಚಾಂಪಿಯನ್ ಆದ ತಂಡ, ಆದರೆ ಕೊನೆಯ ಸಲ ಗೆದ್ದದ್ದು 1958ರಲ್ಲಿ! 2001ರ ಮೇ 19ರಂದು ಗೆದ್ದೇಬಿಟ್ಟೆವೆಂದು ಜನ ಮೈದಾನಕ್ಕಿಳಿದು ಕುಣಿದರು. ಅಷ್ಟರಲ್ಲಿ ಹ್ಯಾಂಬರ್ಗ್‌ನಲ್ಲಿ ಬಯರ್ನ್ ಮ್ಯೂನಿಕ್ ತಂಡ ಕೊನೆಯ ಗಳಿಗೆಯಲ್ಲಿ ಒಂದು ಗೋಲು ಹೊಡೆಯಿತು. ನಾಲ್ಕು ನಿಮಿಷದ ಸಂಭ್ರಮ ಅಳುವಾಗಿ ಮುಗಿಯಿತು.

ನಾನು ಹೇಳಹೊರಟದ್ದು ಅದಕ್ಕಿಂತ ಕಹಿಯಾದ 2020-21ರ ಕತೆ.

ಸಹೋದರಿಯರೇ, ಸಾಲದ ಮನೆಯ ಕಷ್ಟ ನಿಮಗೆ ನಾನು ವಿವರಿಸಬೇಕಿಲ್ಲ. ಈ ಕ್ಲಬ್ ತಲೆಯ ಮೇಲೆ 20 ಕೋಟಿ ಯೂರೋಗೂ ಮಿಕ್ಕಿದ ಸಾಲ ಹೊತ್ತಿತ್ತು. ಕೊರೋನಾ ಬಂದು ಕ್ರೀಡಾಂಗಣದ ಬಾಗಿಲು ಮುಚ್ಚಿದಾಗ ಮೊದಲು ಪೆಟ್ಟು ಬಿದ್ದದ್ದು ಯಾರಿಗೆ ಗೊತ್ತೇ? ಎಳೆಯ ಆಟಗಾರ ಮಕ್ಕಳನ್ನು ಅಭ್ಯಾಸಕ್ಕೆ ಕರೆದೊಯ್ಯುತ್ತಿದ್ದ ಬಡ ವ್ಯಾನ್ ಚಾಲಕರಿಗೆ. 2020ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಟಿಕೆಟಿನ ಹಣ ವಾಪಸು ಕೇಳಿದ ಅಭಿಮಾನಿಗಳಿಗೆ, ನಿಮಗೇಕೆ ಹಣದ ಅಡಚಣೆ ಎಂದು ಬರೆದುಕೊಡಿ ಎಂದರು. ಆಕ್ರೋಶ ಎದ್ದ ಮೇಲೆ ಕ್ಷಮೆ ಕೇಳಿದರು. ಕೋಟಿಗಟ್ಟಲೆ ಸಂಬಳದ ಆಟಗಾರರನ್ನಿಟ್ಟುಕೊಂಡು ಬಡವನ ಕಷ್ಟಕ್ಕೆ ಪುರಾವೆ ಕೇಳುವುದೇ?

ಆ ಋತುವಿನ ಮೊದಲ ಪಂದ್ಯದಲ್ಲೇ ಬಯರ್ನ್ ಎದುರು 8-0 ಸೋಲು. ಎರಡು ಪಂದ್ಯವಾಗುತ್ತಲೇ ಕೋಚ್ ಮನೆಗೆ. ವರ್ಷ ಮುಗಿಯುವಷ್ಟರಲ್ಲಿ ಐದು ಮಂದಿ ಆ ಕುರ್ಚಿಯಲ್ಲಿ ಕೂತೆದ್ದರು. ಹಿಂದಿನ ಋತುವನ್ನೂ ಸೇರಿಸಿ ಸತತ 30 ಲೀಗ್ ಪಂದ್ಯ ಗೆಲುವಿಲ್ಲ. ಇನ್ನೊಂದು ಆಗಿದ್ದರೆ, 1965-66ರಲ್ಲಿ ಬರ್ಲಿನ್‌ನ ಟಸ್ಮಾನಿಯಾ ತಂಡದ ಹೆಸರಿಗೆ ಅಂಟಿದ್ದ ಕೆಟ್ಟ ದಾಖಲೆ ಇವರಿಗೂ ಅಂಟುತ್ತಿತ್ತು. 2021ರ ಜನವರಿ 9ರಂದು 19ರ ಹರೆಯದ ಅಮೆರಿಕನ್ ಹುಡುಗ ಮ್ಯಾಥ್ಯೂ ಹೊಪ್ಪೆ ಮೂರು ಗೋಲು ಹೊಡೆದು ಆ ಅವಮಾನ ತಪ್ಪಿಸಿದ. ಆ ದಿನ ಚಪ್ಪಾಳೆ ತಟ್ಟಲು ಗ್ಯಾಲರಿಯಲ್ಲಿ ಜನರಿರಲಿಲ್ಲ.

ಏಪ್ರಿಲ್ 20ರಂದು ಬೀಲೆಫೆಲ್ಡ್‌ನಲ್ಲಿ 1-0 ಸೋಲು. 30 ವರ್ಷ ಬಿಡದೆ ಆಡಿದ್ದ ಮೊದಲ ದರ್ಜೆಯಿಂದ ತಂಡ ಕೆಳಗಿಳಿಯುವುದು ಖಚಿತವಾಯಿತು. ಅಂದು ರಾತ್ರಿ ಬಸ್ಸಿನಲ್ಲಿ ಮರಳಿದ ಆಟಗಾರರ ಮೇಲೆ ಕೆಲವರು ಮೊಟ್ಟೆ ಎಸೆದರು, ಅಟ್ಟಿಸಿಕೊಂಡು ಹೋದರು. ದುಃಖ ಅರ್ಥವಾಗುತ್ತದೆ, ಆದರೆ ಈ ವರ್ತನೆಯನ್ನು ಒಪ್ಪಲಾಗದು. ಕೊನೆಗೆ 34 ಪಂದ್ಯಗಳಲ್ಲಿ ಗೆಲುವು ಮೂರು, ಅಂಕ 16.

ಈ ಊರಿಗೂ ಮುಸ್ಲಿಮರಿಗೂ ಏನು ನಂಟು ಎಂದು ನೀವು ಕೇಳಬಹುದು. 1961ರಲ್ಲಿ ಜರ್ಮನಿ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ದುಡಿಯುವ ಕೈಗಳನ್ನು ಕರೆಸಿತು. ಬಂದವರಲ್ಲಿ ಅನೇಕರು ಈ ಗಣಿಗಳಿಗಿಳಿದರು. ಅಂಥ ವಲಸಿಗರ ಕುಟುಂಬಗಳಿಂದಲೇ ಮೆಸುತ್ ಓಝಿಲ್, ಇಲ್ಕಾಯ್ ಗುಂಡೋಗನ್ ಬಂದರು. ಇಬ್ಬರೂ ಹುಟ್ಟಿದ್ದು ಇದೇ ಊರಿನಲ್ಲಿ. ಬೇಲಿ ಹಾಕಿದ ಚಿಕ್ಕ ಅಂಗಳದಲ್ಲಿ ಚೆಂಡೊದ್ದು ಬೆಳೆದ ಓಝಿಲ್ ಶಾಲ್ಕೆಗೆ ಆಡಿ, 2014ರಲ್ಲಿ ಜರ್ಮನಿಯ ವಿಶ್ವಕಪ್ ತಂಡದಲ್ಲಿದ್ದ. ಗೆದ್ದಾಗ ಜರ್ಮನ್, ಸೋತಾಗ ವಲಸಿಗ ಎನ್ನುತ್ತಾರೆಂದು ನೊಂದು 2018ರಲ್ಲಿ ರಾಷ್ಟ್ರೀಯ ತಂಡ ಬಿಟ್ಟ. ಗುಂಡೋಗನ್ 2024ರ ಯುರೋ ಕಪ್‌ನಲ್ಲಿ ಜರ್ಮನಿಯ ನಾಯಕನಾಗಿದ್ದ.

ಇನ್ನೊಂದು ಸಂಗತಿ. ಕ್ಲಬ್ಬಿನ ಹಳೆಯ ಹಾಡಿನ ಒಂದು ಚರಣದಲ್ಲಿ ಪ್ರವಾದಿ(ಸ)ರವರ ಹೆಸರು ಬರುತ್ತದೆ. 2009ರಲ್ಲಿ ಮುಸ್ಲಿಮರಿಂದ ಆಕ್ಷೇಪ ಬಂದಾಗ ಕ್ಲಬ್ ಉಡಾಫೆ ಮಾಡಲಿಲ್ಲ, ಇಸ್ಲಾಮೀ ವಿದ್ವಾಂಸರೊಬ್ಬರಿಗೆ ತೋರಿಸಿ ಅಭಿಪ್ರಾಯ ಕೇಳಿತು. ನಿಂದನೆಯ ಉದ್ದೇಶ ಇದರಲ್ಲಿಲ್ಲ ಎಂದು ಅವರು ತಿಳಿಸಿದರು. ವಿಷಯ ಬಲ್ಲವರನ್ನು ಕೇಳಿದ ಆ ಕ್ರಮ ನನಗೆ ಹಿಡಿಸಿತು.

ತಂಡ 2022ರಲ್ಲಿ ಮೇಲಕ್ಕೆ ಬಂದು 2023ರಲ್ಲಿ ಮತ್ತೆ ಜಾರಿತು. ಊರಿನ ಒಂದು ಸ್ಮಶಾನದಲ್ಲಿ ಅಭಿಮಾನಿಗಳಿಗೆಂದೇ ಮೈದಾನದ ಆಕಾರದಲ್ಲಿ 1904 ಸಮಾಧಿಗಳ ಜಾಗವಿದೆ. ಬದುಕಿರುವವರೂ ದೂರವಾಗಲಿಲ್ಲ. 2023-24ರಲ್ಲಿ ಎರಡನೇ ದರ್ಜೆಯಲ್ಲಿ ಆಡುವಾಗಲೂ ಪ್ರತಿ ಪಂದ್ಯಕ್ಕೆ ಸರಾಸರಿ 60 ಸಾವಿರಕ್ಕೂ ಹೆಚ್ಚು ಜನ ಆ ಕ್ರೀಡಾಂಗಣದಲ್ಲಿ ಬಂದು ಕೂತಿದ್ದರು.