ಬಿಳಿ ಸುರೆಗೆ ಯಾವ ಯೀಸ್ಟು?

ಎರಡು ವಾರದಿಂದ ತಲೆಯಲ್ಲಿ ಕೊರೀತಾ ಇರೋದು ಒಂದೇ ಪ್ರಶ್ನೆ. ಯಾವ ಯೀಸ್ಟು?

ಇಲ್ಲಿ ಹ್ಯೂಸ್ಟನ್ನಿನ ಆಫೀಸಿನಲ್ಲಿ ಪಕ್ಕದ ಸೀಟಿನವನು ಕೆಲಸ ಬಿಟ್ಟು ಬೇರೆ ಊರಿಗೆ ಹೊರಟ. ಹೋಗುವಾಗ ಮನೆಯಲ್ಲೇ ಬಿಯರ್ ಮಾಡುವ ಅವನ ಕಿಟ್ ನನ್ನ ಪಾಲಿಗೆ ಬಂತು. ಮುಚ್ಚಳವಿರುವ ದೊಡ್ಡ ಬಕೆಟ್ಟು, ಒಳಗಿನ ಗ್ಯಾಸನ್ನು ಹೊರಗೆ ಬಿಟ್ಟು ಹೊರಗಿನ ಗಾಳಿಯನ್ನು ಒಳಗೆ ಬಿಡದ ಪುಟ್ಟ ಕೊಳವೆ, ಮೂರು ಪೌಂಡು ಬಾರ್ಲಿ ಮಾಲ್ಟಿನ ಪುಡಿ, ಒಂದು ಪೌಂಡು ಜೋಳದ ಸಕ್ಕರೆ, ಹಾಪ್ಸ್ ಗುಳಿಗೆ. ಡಬ್ಬಿಯ ಮೇಲೆ 'ಲೈಟ್' ಅಂತಿತ್ತು. (ಈ ಲೈಟ್ ಅನ್ನೋದೂ ಒಂದು ತಮಾಷೆ. ಮಾಲ್ಟಿನ ಮೇಲೆ ಬರೆದಿದ್ದರೆ ಬಣ್ಣ ತಿಳಿ ಅಂತ ಅರ್ಥ. ಬಿಯರ್ ಬಾಟಲಿಯ ಮೇಲಿದ್ದರೆ ಅಮೆರಿಕದಲ್ಲಿ ಕ್ಯಾಲರಿ ಕಡಿಮೆ, ಆಸ್ಟ್ರೇಲಿಯಾದಲ್ಲಿ ಆಲ್ಕೋಹಾಲು ಕಡಿಮೆ!) ಎಲ್ಲಾ ಸರಿ ಇತ್ತು, ಯೀಸ್ಟಿನ ಪೊಟ್ಟಣದ ಅವಧಿ ಮಾತ್ರ ಮುಗಿದು ವರ್ಷವಾಗಿತ್ತು. ಹೊಸದು ತರಬೇಕು. ತರೋಕೆ ಹೋದರೆ ಅಂಗಡಿಯಲ್ಲಿ ಒಂದು ಇಡೀ ಫ್ರಿಜ್ ತುಂಬಾ ಯೀಸ್ಟು!

ಗಾಢ ಬಣ್ಣದ, ಕಹಿ ಜಾಸ್ತಿ ಇರುವ ಬಿಯರಿನಲ್ಲಿ ಯೀಸ್ಟು ಏನೇ ಅವಾಂತರ ಮಾಡಿದರೂ ಮುಚ್ಚಿಹೋಗ್ತದೆ. ತಿಳಿ ಬಿಯರು ಹಾಗಲ್ಲ, ನಮ್ಮ ತಿಳಿಸಾರಿನ ಹಾಗೆ. ಉಪ್ಪು ಒಂದು ಚಿಟಿಕೆ ಹೆಚ್ಚಾದರೂ ನಾಲಿಗೆಗೆ ಗೊತ್ತಾಗ್ತದೆ. ಪೇಟೆಯಲ್ಲಿ ಸಿಗುವ ಲೈಟ್ ಬಿಯರುಗಳು ಹೆಚ್ಚಿನವು ಲಾಗರ್ ಯೀಸ್ಟಿನಿಂದ ಆದವು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ 1883ರಲ್ಲಿ ಒಂದೇ ಜೀವಕೋಶದಿಂದ ಶುದ್ಧವಾಗಿ ಬೆಳೆಸಿ ತೋರಿಸಿದ್ದು ಇದೇ ಜಾತಿಯನ್ನು. ಅದು ಚಳಿಯ ಪ್ರಾಣಿ. 12ರಿಂದ 15 ಡಿಗ್ರಿಯಲ್ಲಿ ವಾರಗಟ್ಟಲೆ ಕೂತು ಕೆಲಸ ಮಾಡುವಂಥದ್ದು. ಅದಕ್ಕೆಂದೇ ಬೇರೆ ಫ್ರಿಜ್ ಬೇಕು. ನನ್ನ ಒಂದು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ನನಗೇ ಜಾಗ ಇಲ್ಲ.

ಇನ್ನು ಎಲ್ಲರೂ ಹೇಳುವ ಯುಎಸ್-05. ರುಚಿ ಸ್ವಚ್ಛ, ಹೆಚ್ಚು ತಕರಾರಿಲ್ಲ, 26 ಡಿಗ್ರಿವರೆಗೂ ನಡೀತದೆ ಅಂತಾರೆ. ಕರೆಂಟ್ ಬಿಲ್ಲಿಗೆ ಹೆದರಿ ನಾನು ಏಸಿ ಇಡೋದೂ ಸರಿಯಾಗಿ 26ಕ್ಕೇ. ಆದರೆ ಹುದುಗು ಬರುವಾಗ ಬಿಸಿ ತನ್ನಷ್ಟಕ್ಕೇ ಹುಟ್ಟುತ್ತದೆ. ಹತ್ತೊಂಬತ್ತು ಲೀಟರಿನ ಬಕೆಟ್ಟಿನ ಒಳಗೆ ಕೋಣೆಗಿಂತ ಮೂರ್ನಾಲ್ಕು ಡಿಗ್ರಿ ಜಾಸ್ತಿ ಆಗೋದು ಮಾಮೂಲು. ಮೂವತ್ತಕ್ಕೆ ಹೋದರೆ ಬಾಳೆಹಣ್ಣಿನ ವಾಸನೆ, ನೇಲ್ ಪಾಲಿಶ್ ವಾಸನೆ, ಮರುದಿನ ತಲೆನೋವು ಅಂತ ಅನುಭವಸ್ಥರ ಮಾತು. ಬಕೆಟ್ಟಿಗೆ ಒದ್ದೆ ಬಟ್ಟೆ ಸುತ್ತಿ ಫ್ಯಾನ್ ಹಾಕಿ ಅಂತ ಸಲಹೆ ಕೊಡುವವರಿದ್ದಾರೆ. ಅದು ಒಣ ಹವೆಯವರಿಗೆ. ಹುಬ್ಬಳ್ಳಿಯಲ್ಲಿ ಮಣ್ಣಿನ ಹೂಜಿಯ ನೀರು ಹಲ್ಲು ಜುಂ ಅನ್ನುವಷ್ಟು ತಂಪಾಗ್ತದೆ, ಅದೇ ಹೂಜಿಯನ್ನು ಅಂಕೋಲೆಗೆ ತಂದಿಟ್ಟರೆ ಎಂತದೂ ಆಗೋದಿಲ್ಲ. ಹ್ಯೂಸ್ಟನ್ನಿನದೂ ನಮ್ಮ ಕರಾವಳಿಯದೇ ಬೆವರು.

ಹೀಗೆ ಹುಡುಕ್ತಾ ಹುಡುಕ್ತಾ ಸಿಕ್ಕಿದ್ದು ಕ್ವೈಕ್. ನಾರ್ವೆಯ ರೈತರ ಮನೆಯ ಯೀಸ್ಟು. ಇದನ್ನು ಹೊರಜಗತ್ತಿಗೆ ತಂದವರಲ್ಲಿ ಮುಖ್ಯನಾದವನು ಲಾರ್ಸ್ ಮಾರಿಯುಸ್ ಗಾರ್ಶೋಲ್. ಅವನು ನಮ್ಮ ಹಾಗೇ ಸಾಫ್ಟ್‌ವೇರ್ ಎಂಜಿನಿಯರು, ನಮ್ಮ ಹಾಗೇ ಬ್ಲಾಗರು! :) ಹಳ್ಳಿಹಳ್ಳಿ ತಿರುಗಿ, ಬ್ಲಾಗಿನಲ್ಲಿ ಬರೆದೂ ಬರೆದೂ, 2020ರಲ್ಲಿ ಅದರ ಮೇಲೆ ದೊಡ್ಡ ಪುಸ್ತಕವನ್ನೇ ತಂದ. ಆ ರೈತರು ಯೀಸ್ಟನ್ನು ಮರದ ತುಂಡುಗಳ ಮೇಲೆ, ಮರದ ಚೂರು ಪೋಣಿಸಿದ ಬಳೆಗಳ ಮೇಲೆ ಒಣಗಿಸಿ ಇಡ್ತಿದ್ದರಂತೆ. ಮನೆಯಲ್ಲಿ ಕೆಟ್ಟುಹೋದರೆ ನೆರೆಮನೆಯಿಂದ ಇಸ್ಕೊಂಡು ಬರೋದು, ನಾವು ಹೆಪ್ಪಿಗೆ ಮಜ್ಜಿಗೆ ಇಸ್ಕೊಂಡ ಹಾಗೆ. ಅದನ್ನು ಹಾಕುವ ಹದಕ್ಕೆ ಅವರ ಮಾತು 'ಹಾಲಿನಷ್ಟು ಬೆಚ್ಚಗೆ'. ಅಂದರೆ ಆಗಷ್ಟೇ ಕರೆದ ಹಾಲು. ವೋಸ್ ಎಂಬ ಊರಿನ ಕ್ವೈಕ್ 35-40 ಡಿಗ್ರಿಯಲ್ಲಿ ಖುಷಿಯಿಂದ ಕುದೀತದೆ, ಎರಡು-ಮೂರು ದಿನಕ್ಕೆ ಕೆಲಸ ಮುಗಿಸ್ತದೆ. ಸ್ವಲ್ಪ ಕಿತ್ತಳೆಯ ಪರಿಮಳ ಬರ್ತದೆ. ಜೊತೆಗೆ ಅದು ಗಟ್ಟಿ ಬಿಯರಿಗೆ ಒಗ್ಗಿದ ಯೀಸ್ಟು, ಸಕ್ಕರೆ ಬೆರೆಸಿದ ತೆಳು ರಸದಲ್ಲಿ ಪೋಷಕಾಂಶ ಸಾಲದೆ ಮಂಕಾಗ್ತದೆ. ಪೋಷಕದ ಪುಡಿ ಹಾಕಿದರೆ ಸರಿಹೋಗ್ತದೆ ಅಂತ ಕಾರ್ಟಿಗೆ ಸೇರಿಸಿ ಇಟ್ಟಿದ್ದೆ.

ಆ ಭಾನುವಾರ ವೀಡಿಯೋ ಕಾಲ್‌ನಲ್ಲಿ ಆಯಿಯ ಕಣ್ಣು ಹಿಂದಿದ್ದ ಬಕೆಟ್ಟಿಗೆ ಬಿತ್ತು. "ತಮಾ, ಅದೆಂತದಾ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ನಮ್ಮ ರಾಮನಗುಳಿಯ ಮನೆಯಲ್ಲಿ ಇದು ಸಣ್ಣ ಮಾತಲ್ಲ. ನನ್ನ ಸೋದರಮಾವ ಕುಡಿದು ಕುಡಿದೇ ಹೋದವನು. 2007ರ ಜುಲೈನಲ್ಲಿ ಸಾರಾಯಿ ನಿಷೇಧ ಆಗುವವರೆಗೂ ಗಂಗಾವಳಿ ದಂಡೆಯಲ್ಲಿ ಆಡಲು ಹೋದರೆ ಕಾಲಿಗೆ ಕೊಟ್ಟೆ ಸಾರಾಯಿಯ ಖಾಲಿ ಪ್ಲಾಸ್ಟಿಕ್ ಸಿಗ್ತಿತ್ತು. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ಹೊರಗಿನವರು ಹಾಡಿನ ಅಜ್ಜಿ ಅಂತ ತಿಳಿದಿದ್ದಾರೆ, 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ನಮ್ಮ ಕಡೆಯ ಹೆಂಗಸರಿಗೆ ಅವರು ಮದ್ಯದ ವಿರುದ್ಧ ಬೀದಿಗಿಳಿದ ಅಜ್ಜಿಯೂ ಹೌದು. ಅಂಥ ಊರಿನವನು ಹವ್ಯಾಸ, ವಿಜ್ಞಾನ ಅಂತ ಶುರುಮಾಡಿದರೆ ಕೇಳುವವರ ಮುಖ ಹೇಗಿರಬೇಡ. ಊರಲ್ಲಿ ಇದನ್ನು ಮಾಡೋ ಹಾಗೂ ಇಲ್ಲ, 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ಅಮೆರಿಕದಲ್ಲಿ 1978ರಲ್ಲಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆಬಳಕೆಗೆ ಅವಕಾಶ ಸಿಕ್ಕಿತು, ಒಬ್ಬನೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್. ಆದರೆ ಆಯಿಗೆ ಕಾನೂನಿನ ಪಾಠ ಹೇಳಿ ಏನು ಪ್ರಯೋಜನ?

ಹಾಗಾಗಿ ದೋಸೆ ಹಿಟ್ಟಿನಿಂದ ಶುರುಮಾಡಿದೆ. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಗೆ ಬಳಸುವ 'ಕಿಣ್ವ' ಮಾಡುವ ಕ್ರಮ ಇದೆ. ಉದ್ದು, ಅದಕ್ಕಿಂತ ಹೆಚ್ಚು ಅಕ್ಕಿ, ಒಂದಿಷ್ಟು ಗಿಡಮೂಲಿಕೆ. ನಾವು ಪಿಯುಸಿಯಲ್ಲಿ ಎನ್‌ಜೈಮ್ ಅಂತ ಓದಿದ ಕಿಣ್ವ ಅಸಲಿಗೆ ಇದು! ಹಬ್ಬ-ವಿಶೇಷಗಳಲ್ಲಿ ಗೃಹಸ್ಥರು ಮನೆಯಲ್ಲೇ 'ಶ್ವೇತಸುರೆ' ಮಾಡಿಕೊಳ್ಳಲು ಬಿಡಬೇಕು ಅಂತಲೂ ಅಲ್ಲೇ ಇದೆ. ಬಿಳಿ ಸುರೆ, ಅಂದರೆ ಲೈಟ್ ಬಿಯರ್ ಅಂದ್ಕೊಳ್ಳಿ. (ನಮ್ಮ ಹಿಟ್ಟು ಉಬ್ಬಿಸೋದು ಬಹುಪಾಲು ಲ್ಯುಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ, ಯೀಸ್ಟಿನ ಪಾಲು ಕಡಿಮೆ. ಇದನ್ನು ಆಯಿಗೆ ಹೇಳಲಿಲ್ಲ.)

ಆಯಿ ನಕ್ಕಳು, ಅರ್ಧ ಮಾತ್ರ. ಅಪ್ಪಯ್ಯ ನಗಲಿಲ್ಲ. ಕೊನೆಗೆ ಕೇಳಿದ್ದು ಇಷ್ಟೇ, "ಎಷ್ಟು ಆಗ್ತು?"

"ಐವತ್ತು ಬಾಟ್ಲಿ."

"ಐವತ್ತಾ? ಮನೇಲಿ ಇಪ್ಪವ ನೀ ಒಬ್ನೇ ಅಲ್ದನಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾವ ಯೀಸ್ಟು ಅಂತ ಎರಡು ವಾರ ಓದಿದವನು ಎಷ್ಟು ಅನ್ನೋದನ್ನು ಡಬ್ಬಿಯ ಮೇಲೆ ಬರೆದಿದೆ ಅಂತ ಹಾಗೇ ಒಪ್ಪಿಕೊಂಡಿದ್ದೆ. ರಾತ್ರಿ ಕೂತು ಐದರಿಂದ ಭಾಗಿಸಿದೆ. ಮಾಲ್ಟ್ 270 ಗ್ರಾಂ, ಸಕ್ಕರೆ 90 ಗ್ರಾಂ, ಒಟ್ಟು 3.8 ಲೀಟರ್. ಆಲ್ಕೋಹಾಲು ಶೇಕಡಾ ಮೂರೂವರೆ ಹತ್ತಿರ, ಹತ್ತು ಬಾಟಲಿ.

ಹಾಗೆ ಭಾಗಿಸಿದ ಮೇಲೆ ನೋಡಿದರೆ ಯೀಸ್ಟಿನ ಲೆಕ್ಕವೇ ತಿರುಗಿಹೋಯ್ತು! ಸಣ್ಣ ಜಾಡಿಯಲ್ಲಿ ಹುಟ್ಟಿದ ಬಿಸಿ ಬೇಗ ಹೊರಗೆ ಹೋಗ್ತದೆ. ಜಾಡಿಯನ್ನು ನೀರಿನ ಟಬ್ಬಿನಲ್ಲಿ ಇಟ್ಟು ಬೆಳಿಗ್ಗೆ, ಸಂಜೆ ಒಂದೊಂದು ಐಸ್ ಬಾಟಲಿ ಹಾಕಿದರೆ ಇಪ್ಪತ್ತರ ಆಸುಪಾಸಿನಲ್ಲೇ ನಿಲ್ಲಿಸಬಹುದು. ಹತ್ತೊಂಬತ್ತು ಲೀಟರಿಗೆ ಈ ಆಟ ಇಷ್ಟು ಸುಲಭ ಅಲ್ಲ. ಅಂದಮೇಲೆ ಕಿತ್ತಳೆ ಪರಿಮಳದ ಕ್ವೈಕ್ ಯಾಕೆ, ಯುಎಸ್-05 ಸಾಕು. ಪೊಟ್ಟಣ 11.5 ಗ್ರಾಂ, ನನಗೆ ಬೇಕಾದದ್ದು ಎರಡು-ಮೂರು ಗ್ರಾಂ. ಉಳಿದದ್ದನ್ನು ಗಾಳಿಯಾಡದ ಹಾಗೆ ಮಡಚಿ, ಟೇಪ್ ಹಚ್ಚಿ ಫ್ರಿಜ್ಜಿನಲ್ಲಿ ಇಡೋದು. ತೆರೆದ ಪೊಟ್ಟಣ ಬಹಳ ದಿನ ಬಾಳೋದಿಲ್ಲ, ಒಂದು ವಾರದೊಳಗೆ ಬಳಸಿ ಅಂತ ಅದರ ಮೇಲೇ ಇದೆ. ಉಳಿದದ್ದು ಹಾಳಾದರೂ ಪರವಾಗಿಲ್ಲ, ಐದು ಡಾಲರಿನ ಮಾತು.

ಶುಕ್ರವಾರ ಸಂಜೆ ಕುದಿಸೋದು ಅಂತ ಇಟ್ಟುಕೊಂಡಿದ್ದೇನೆ. ಜೂನಿನಲ್ಲಿ ಆಯಿ, ಅಪ್ಪಯ್ಯ ಬರ್ತಿದ್ದಾರೆ. ಅಷ್ಟರೊಳಗೆ ಎಷ್ಟು ಬಾಟಲಿ ಉಳಿದಿರ್ತದೆ ಅಂತ ಅಪ್ಪಯ್ಯ ಎಣಿಸೇ ಎಣಿಸ್ತಾರೆ.