ಲೋಪವೋ, ಸೂತ್ರದ ದೋಷವೋ?

ವ್ಯಾಕರಣದಲ್ಲಿ ಲೋಪವೆಂದರೆ ಕಾಣದಿರುವುದು. ‘ಊರೂರು’ ಎಂಬಲ್ಲಿ ಮೊದಲ ಪದದ ಕೊನೆಯ ಉಕಾರ ಕಿವಿಗೆ ಕೇಳಿಸುವುದಿಲ್ಲ; ಆದರೂ ವೈಯಾಕರಣನು ಅದನ್ನು ಲೆಕ್ಕಕ್ಕೆ ಹಿಡಿದೇ ಪದವನ್ನು ಬಿಡಿಸುತ್ತಾನೆ. ಪ್ರಯೋಗವು ಸೂತ್ರಕ್ಕೆ ಹೊಂದದಾಗ ಅವನು ಕಾಣದ ಅಕ್ಷರವೊಂದನ್ನು ಊಹಿಸಬೇಕು, ಇಲ್ಲವೇ ಸೂತ್ರವನ್ನು ತಿದ್ದಬೇಕು. ಖಗೋಳವಿಜ್ಞಾನವು ಇಂಥದೇ ಕವಲಿನಲ್ಲಿ ನಿಂತು ಒಂಬತ್ತು ದಶಕಗಳು ಕಳೆದಿವೆ.

ಆ ಶಾಸ್ತ್ರಕ್ಕೆ ಎರಡೂ ದಾರಿಗಳು ಪರಿಚಿತವೇ. ಯುರೇನಸ್ ಗ್ರಹವು ಗಣಿತ ಹೇಳಿದ ಜಾಡಿನಿಂದ ಸರಿಯುತ್ತಿದ್ದಾಗ ಕಾಣದ ಗ್ರಹವೊಂದನ್ನು ಊಹಿಸಲಾಯಿತು. 1846ರಲ್ಲಿ ನೆಪ್ಚೂನ್ ದೊರೆಯಿತು. ಬುಧನ ಕಕ್ಷೆಯ ತೊಡಕಿಗೂ ಅದೇ ಮದ್ದನ್ನು ಅರೆದು ವಲ್ಕನ್ ಎಂಬ ಗ್ರಹವನ್ನು ಕಲ್ಪಿಸಿದರು. ಅದು ಸಿಗಲೇ ಇಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ಸೂತ್ರವನ್ನೇ ಬದಲಿಸಿದ ಮೇಲೆ ಬುಧನ ಲೆಕ್ಕ ಸರಿಹೋಯಿತು.

1933ರಲ್ಲಿ ಫ್ರಿಟ್ಜ್ ಜ್ವಿಕಿ ಕೋಮಾ ಗುಚ್ಛದ ಗ್ಯಾಲಕ್ಸಿಗಳ ವೇಗವನ್ನು ಪರಿಶೀಲಿಸಿ, ಕಾಣುವ ದ್ರವ್ಯದ ಸೆಳೆತವೊಂದರಿಂದಲೇ ಅವು ಒಟ್ಟಾಗಿ ಉಳಿಯಲಾರವೆಂದು ಕಂಡನು. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗ್ಯಾಲಕ್ಸಿಯ ತಿರುಗುವಿಕೆಯನ್ನು ಅಳೆದರು. ಸೂರ್ಯನಿಂದ ದೂರವಾದಂತೆ ಗ್ರಹಗಳ ವೇಗ ಕುಗ್ಗುತ್ತದೆ: ಬುಧನದು ಸೆಕೆಂಡಿಗೆ ಸುಮಾರು 47 ಕಿಲೋಮೀಟರ್, ನೆಪ್ಚೂನಿನದು ಐದೂವರೆಯೂ ಇಲ್ಲ. ಆಂಡ್ರೊಮಿಡಾದ ಅಂಚಿನಲ್ಲಿ ನಿರೀಕ್ಷಿಸಿದ ಆ ಇಳಿತ ಕಾಣಲಿಲ್ಲ. ಪುಣೆಯ ಸಮೀಪ ಖೋಡದ್‌ನಲ್ಲಿರುವ ರೇಡಿಯೋ ದೂರದರ್ಶಕದ ಮೂವತ್ತು ಆಂಟೆನಾಗಳು ಜಲಜನಕದ ಅಲೆಗಳನ್ನು ಹಿಡಿದು ಗ್ಯಾಲಕ್ಸಿಗಳ ಇಂಥದೇ ಚಲನೆಯನ್ನು ಓದಬಲ್ಲವು. ಕಾಣದ ಈ ಸೆಳೆತದ ಕಾರಣಕ್ಕೆ ‘ಕಪ್ಪು ದ್ರವ್ಯ’ವೆಂಬ ಹೆಸರು ಬಿದ್ದಿದೆ. ಹೆಸರು ಅಷ್ಟು ಸರಿಯಾದುದಲ್ಲ. ಕಪ್ಪು ಬೆಳಕನ್ನು ನುಂಗುತ್ತದೆ. ಇದಾದರೋ ಬೆಳಕಿಗೂ ತನಗೂ ಸಂಬಂಧವೇ ಇಲ್ಲವೆಂಬಂತಿದೆ.

ಹೆಚ್ಚಿನ ವಿಜ್ಞಾನಿಗಳು ಲೋಪದ ಪಕ್ಷದವರು. ಇನ್ನೂ ಕೈಗೆ ಸಿಗದ ಕಣಗಳನ್ನು ಊಹಿಸುತ್ತಾರೆ. ಉದ್ದ, ಅಗಲ, ಎತ್ತರಗಳಾಚೆ ಬೇರೆ ಆಯಾಮಗಳಿವೆಯೆನ್ನುವವರ ವಾದ ಇವೆರಡರ ನಡುವಿನದು. 1921ರಲ್ಲಿ ಕಲುಜಾ, 1926ರಲ್ಲಿ ಕ್ಲೈನ್ ಇಂಥ ಆಯಾಮವನ್ನು ಚಿಂತಿಸಿದ್ದರು. 1998ರಲ್ಲಿ ಅರ್ಕಾನಿ-ಹಮೀದ್, ಡಿಮೊಪೌಲೋಸ್ ಮತ್ತು ಡ್ವಾಲಿ ಹೇಳಿದ್ದು ಇನ್ನೂ ದಿಟ್ಟವಾದುದು: ಬೆಳಕೂ ದ್ರವ್ಯವೂ ಮೂರು ಆಯಾಮಗಳ ಒಂದು ಪೊರೆಗೆ ಅಂಟಿಕೊಂಡಿವೆ, ಗುರುತ್ವಕ್ಕೆ ಮಾತ್ರ ಪೊರೆಯಾಚೆಗೂ ಹಾದಿಯುಂಟು. (ಕನ್ನಡದಲ್ಲಿ ಕಣ್ಣಿನ ನೋಟವನ್ನು ಮುಚ್ಚುವುದೂ ಪೊರೆಯೇ. ಪರಿಭಾಷೆಗೆ ಇಂಥ ಅದೃಷ್ಟ ಅಪರೂಪ.) ಮುಂದೆ ಇದೇ ಮೂವರು ಕಲೋಪರ್ ಜೊತೆಗೂಡಿ ಆ ಪೊರೆಯನ್ನು ಮಡಿಸಿ ನೋಡಿದರು. ಮಡಿಸಿಟ್ಟ ಸೀರೆಯ ಮೇಲೆ ಇರುವೆಯೊಂದು ಬಟ್ಟೆಯ ಗುಂಟ ನಡೆದರೆ ಎದುರಿನ ಮಡಿಕೆ ಎಷ್ಟೋ ಮೊಳ ದೂರ; ಬಟ್ಟೆಯ ಹೊರಗಿನಿಂದ ದಾಟಿದರೆ ಬೆರಳಗಲ. ಬೆಳಕು ಆ ಇರುವೆಯಂತೆ ಸುತ್ತಿ ಬರಬೇಕು, ಗುರುತ್ವ ನೇರ ದಾಟುತ್ತದೆ. ಆದುದರಿಂದ ಮತ್ತೊಂದು ಮಡಿಕೆಯ ಮಾಮೂಲಿ ನಕ್ಷತ್ರಗಳೇ ಇಲ್ಲಿ ಕಪ್ಪು ದ್ರವ್ಯವಾಗಿ ತೋರಬಹುದು. ಕವಿಗೂ ಇದಕ್ಕಿಂತ ಚೆಂದದ ಕಲ್ಪನೆ ಹೊಳೆಯುವುದು ಕಷ್ಟ.

ಚೆಂದವಾದ ಮಾತ್ರಕ್ಕೆ ನಿಜವಾಗಬೇಕಿಲ್ಲ. ಎರಡು ಹೆಚ್ಚುವರಿ ಆಯಾಮಗಳಿದ್ದರೆ, ಅವುಗಳ ಅಳತೆಗಿಂತ ಕಡಿಮೆ ದೂರದಲ್ಲಿ ಅಂತರವನ್ನು ಅರ್ಧಕ್ಕಿಳಿಸಿದಾಗ ಸೆಳೆತ ನಾಲ್ಕು ಪಟ್ಟಲ್ಲ, ಹದಿನಾರು ಪಟ್ಟು ಏರಬೇಕು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ತಿರುಚು ತಕ್ಕಡಿಯು 52 ಮೈಕ್ರಾನ್ ಅಂತರದವರೆಗೂ ನ್ಯೂಟನ್ನನ ಸೂತ್ರವೇ ಸಲ್ಲುತ್ತದೆಂದು 2020ರಲ್ಲಿ ತೋರಿಸಿತು. 2006ರ ‘ಬುಲೆಟ್’ ಗುಚ್ಛದ ವಿಶ್ಲೇಷಣೆ ಇನ್ನೂ ಕಠಿಣವಾದುದು. ಎರಡು ಗುಚ್ಛಗಳು ಡಿಕ್ಕಿಯಾದಾಗ ಬಿಸಿ ಅನಿಲ ನಡುವೆಯೇ ಹಿಂದುಳಿದಿತ್ತು. ಸೆಳೆತದ ಕೇಂದ್ರಗಳು ಮುಂದೆ ಸಾಗಿದ್ದವು. ಮತ್ತೊಂದು ಮಡಿಕೆಯಲ್ಲಿಯೂ ಇಲ್ಲಿಯಂತೆಯೇ ಅನಿಲ ಹೆಚ್ಚಾಗಿದ್ದರೆ ಅದೂ ತಡೆದು ನಿಲ್ಲಬೇಕಿತ್ತಲ್ಲವೇ? 2017ರಲ್ಲಿ ನ್ಯೂಟ್ರಾನ್ ತಾರೆಗಳೆರಡು ಸೇರಿಹೋದಾಗ ಹೊಮ್ಮಿದ ಗುರುತ್ವದ ಅಲೆಗಳಲ್ಲಿಯೂ, ಅವು ಬೇರೆ ಆಯಾಮಗಳಿಗೆ ಸೋರಿಹೋದ ಸುಳಿವು ಸಿಗಲಿಲ್ಲ.

ಇಷ್ಟಾದರೂ ವಾದ ಮುಗಿದಿಲ್ಲ. 2022ರಲ್ಲಿ ಮೊಂಟೆರೊ, ವಾಫಾ ಮತ್ತು ವಾಲೆನ್ಜುಯೆಲಾ ಮೈಕ್ರಾನ್ ಪ್ರಮಾಣದ ಒಂದೇ ಒಂದು ಆಯಾಮವನ್ನು ಸೂಚಿಸಿದ್ದಾರೆ. ಅದರೊಳಗೆ ಕಂಪಿಸುವ ಗುರುತ್ವದ ಕಣಗಳೇ ಕಪ್ಪು ದ್ರವ್ಯವಾಗಿರಬಹುದೆಂಬುದು ಅದರ ಮುಂದುವರಿಕೆ. ಹಾಗಾದಲ್ಲಿ ಸೂತ್ರ ತಿದ್ದಿದವರೇ ಲೋಪವನ್ನೂ ಒಪ್ಪಿದಂತಾಯಿತು. ಸಿಯಾಟಲ್‌ನ ತಕ್ಕಡಿ ತಲುಪಿದ ಅಂತರಕ್ಕಿಂತ ಆ ಆಯಾಮ ಇನ್ನೂ ಕಿರಿದು.