ಹೆಸರು ಕೆತ್ತಿಸಲಾಗದ ಖರ್ಚು

ನನ್ನ ಮದುವೆ ಆಲ್ಬಮ್ಮಿನಲ್ಲಿ ನಾನು ಹಲ್ಲು ಕಾಣುವಂತೆ ನಕ್ಕ ಫೋಟೋ ಒಂದೂ ಇಲ್ಲ. ಫೋಟೋಗ್ರಾಫರ್ 'ಸರ್, ಸ್ವಲ್ಪ ನಗ್ರಿ' ಅಂದಾಗಲೆಲ್ಲ ತುಟಿ ಬಿಗಿಹಿಡಿದೇ ನಕ್ಕಿದ್ದೇನೆ. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ. ಗುಟ್ಕಾ ತಿಂದು ಬಂದದ್ದಲ್ಲ, ಮುಂಡರಗಿ ತಾಲ್ಲೂಕಿನ ನಮ್ಮೂರ ಬೋರ್‌ವೆಲ್ ನೀರು ಕುಡಿದು ಬಂದದ್ದು.

ಊರಲ್ಲಿದ್ದಾಗ ಇದೊಂದು ತೊಂದರೆ ಅಂತ ಅನಿಸಿರಲೇ ಇಲ್ಲ. ಕ್ಲಾಸಿನ ಅರ್ಧ ಹುಡುಗರ ಹಲ್ಲು ಹಂಗೇ ಇದ್ದವು. ಬಿಇ ಮುಗಿಸಿ ಬೆಂಗಳೂರಿಗೆ ಬಂದ ಮೇಲೆ ಹಲ್ಲಿನ ಡಾಕ್ಟರು ಬಾಯಿ ತೆರೆಸಿದವರೇ 'ಯಾವ ಊರು? ಗದಗ ಕಡೆಯವರಾ?' ಎಂದು ಕೇಳಿದರು. ಫ್ಲೋರೋಸಿಸ್. ಒಸಡಿನೊಳಗೆ ಎನಾಮೆಲ್ ಕಟ್ಟಿಕೊಳ್ಳುವ ವಯಸ್ಸಿನಲ್ಲಿ ಕುಡಿಯುವ ನೀರಲ್ಲಿ ಫ್ಲೋರೈಡ್ ಜಾಸ್ತಿ ಇದ್ದರೆ ಹೀಗಾಗುತ್ತೆ. ಎಂಟು ವರ್ಷದೊಳಗೆ ಆದದ್ದು ಆಯ್ತು, ಆಮೇಲೆ ಎಷ್ಟು ಉಜ್ಜಿದರೂ ಹೋಗಲ್ಲ. ಹತ್ತಾರು ವರ್ಷ ಅದೇ ನೀರು ಕುಡಿದರೆ ಮೂಳೆಗೂ ಕೀಲಿಗೂ ತಟ್ಟುತ್ತದೆ.

ಅವ್ವ ನಮಗೆ ನೀರು ಕುದಿಸಿ, ಆರಿಸಿ ಕೊಡುತ್ತಿದ್ದಳು. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ ಅಂತ ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ಪಾಪ, ಅವಳ ಕಣ್ಣಿಗೆ ನೀರು ತಿಳಿಯಾಗಿತ್ತು. ವಾಸನೆ ಇಲ್ಲ, ಬಣ್ಣ ಇಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ತನಕ ಫ್ಲೋರೈಡ್ ಇರಬಹುದು, ಬೇರೆ ನೀರೇ ಸಿಗದಿದ್ದರೆ 1.5ರ ತನಕ. ಒಂದಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ನಾಲಿಗೆಗೆ ತಿಳಿಯಲ್ಲ. ಲ್ಯಾಬಿಗೆ ಮಾತ್ರ ತಿಳಿಯುತ್ತೆ.

ಈಗ ಅಕ್ಕ ಬೆಟಗೇರಿಯಲ್ಲಿದ್ದಾಳೆ. ಗದಗ-ಬೆಟಗೇರಿಗೆ ಹಮ್ಮಿಗಿ ಕಡೆಯಿಂದ ತುಂಗಭದ್ರೆ ನೀರು ಬರುತ್ತದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪಟ್ಟಣಗಳು ನೆಚ್ಚಿಕೊಂಡಿರುವುದೂ ಅದೇ ಹೊಳೆಯನ್ನ. ಟೆಸ್ಟ್ ಮಾಡಿಸೋಣ ಅಂದರೆ ಅಕ್ಕ ನಕ್ಕಳು. 'ಹೊಳೀ ನೀರ ಬಂದಾವಲ್ಲೋ ತಮ್ಮಾ, ಇನ್ನೇನ ಚಿಂತಿ?'

ಚಿಂತೆ ಇದೆ. ನಳ ದಿನಾ ಬರುವುದಿಲ್ಲ. ನೀರು ಬಿಡದ ದಿನ ಪೈಪಿನಲ್ಲಿ ಒತ್ತಡ ಇರಲ್ಲ. ಚರಂಡಿ ಪಕ್ಕ ಎಲ್ಲಾದರೂ ಪೈಪು ಸೀಳಿದ್ದರೆ ಹೊಲಸು ಒಳಗೆ ಇಳಿಯುತ್ತದೆ. ಹೀಗಾಗಿ ಶುದ್ಧೀಕರಣ ಘಟಕದಲ್ಲಿ ಪಾಸಾದ ನೀರು ಕಡೇ ಓಣಿಯ ನಳದಲ್ಲಿ ಫೇಲಾಗಬಹುದು. ಇನ್ನು ನಳ ಬರದ ದಿನ ಓಣಿಯ ಬೋರ್‌ವೆಲ್ಲೇ ಗತಿ. ಅಂದರೆ ಬಿಟ್ಟು ಬಂದೆವು ಅಂದುಕೊಂಡ ಫ್ಲೋರೈಡ್ ಮತ್ತೆ ಕೊಡಕ್ಕೆ ಬಂತು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಜೀವ ಕಳೆದುಕೊಂಡರು. ಎಲ್ಲರ ಕಣ್ಣು ಲ್ಯಾಬ್ ರಿಪೋರ್ಟಿನ ಮೇಲೆ ಬಿದ್ದದ್ದು ಅದಾದ ಮೇಲೆ.

ಮೊದಲೇ ಯಾಕೆ ಬೀಳಲ್ಲ? ನನಗೆ ಉತ್ತರ ಸಿಕ್ಕಿದ್ದು ನಮ್ಮೂರ ಜಾತ್ರೆಯಲ್ಲಿ. ಬೆಂಗಳೂರು, ಪುಣೆ ಸೇರಿದ ಕ್ಲಾಸ್‌ಮೇಟುಗಳೆಲ್ಲ ಸಾಲಿಗೆ ಕಮಾನು ಕಟ್ಟಿಸಲು ದುಡ್ಡು ಕೂಡಿಸುತ್ತಿದ್ದರು. ಅದರಲ್ಲಿ ಸ್ವಲ್ಪ ತೆಗೆದು ವರ್ಷಕ್ಕೆರಡು ಸಲ ಸಾಲಿ ನೀರು ಟೆಸ್ಟ್ ಮಾಡಿಸೋಣ ಅಂದೆ. ಗೆಳೆಯನೊಬ್ಬ ಕೇಳಿದ, 'ಲೇ, ರಿಪೋರ್ಟಿನ ಮ್ಯಾಲೆ ಯಾರ ಹೆಸರ ಕೆತ್ತಸೋದಲೇ?' ಎಲ್ಲರೂ ನಕ್ಕರು. ನಾನೂ ನಕ್ಕೆ, ತುಟಿ ಬಿಗಿಹಿಡಿದು.

ಅವನು ತಮಾಷೆ ಮಾಡಿದರೂ ಹೇಳಿದ್ದು ನಿಜ. ಟ್ಯಾಂಕು ಕಟ್ಟಿದರೆ ಶಂಕುಸ್ಥಾಪನೆ, ಉದ್ಘಾಟನೆ, ಕಲ್ಲಿನ ಮೇಲೆ ಹೆಸರು. ಟೆಸ್ಟಿಂಗಿಗೆ ಬೇಕಾದದ್ದು ಬಾಟಲಿ, ಐಸ್ ಬಾಕ್ಸ್, ರಾಸಾಯನಿಕ, ಸ್ಯಾಂಪಲ್ ತರುವವನ ಸಂಬಳ, ನೋಡುವವರ ಸಂಬಳ. ಅದೂ ತಿಂಗಳಾ ತಿಂಗಳಾ. ಇದಕ್ಕೆ ರಿಬ್ಬನ್ ಕತ್ತರಿಸೋಕೆ ಬರಲ್ಲ. ನಮ್ಮ ಆಫೀಸುಗಳಲ್ಲಿ ಬಜೆಟ್ ಕಡಿತ ಅಂದ ಕೂಡಲೇ ಮೊದಲ ಕತ್ತರಿ ಟೆಸ್ಟಿಂಗ್ ಟೀಮಿಗೇ ಬೀಳುತ್ತಲ್ಲ, ಹಾಗೇ ಇದು. ಆದರೆ ನಮ್ಮ ಸಾಫ್ಟ್‌ವೇರಿಗೆ ರಾತ್ರೋರಾತ್ರಿ ಪ್ಯಾಚ್ ಹಾಕಬಹುದು. ಏಳು ವರ್ಷದ ಹುಡುಗನ ಹಲ್ಲಿಗೆ ಪ್ಯಾಚ್ ಇಲ್ಲ.

ದಾರಿ ಇಲ್ಲ ಅಂತಲ್ಲ. 2019ರಲ್ಲಿ ಶುರುವಾದ ಜಲ ಜೀವನ ಮಿಷನ್‌ನಲ್ಲಿ ಅನುದಾನದ ಶೇ 2ರ ತನಕ ನೀರಿನ ಗುಣಮಟ್ಟ ನೋಡುವುದಕ್ಕೇ ಬಳಸಬಹುದು. ಹಳ್ಳಿಗೆ 5 ಹೆಣ್ಣುಮಕ್ಕಳಿಗೆ ಟೆಸ್ಟ್ ಕಿಟ್ ಬಳಸುವ ತರಬೇತಿ ಕೊಡಬೇಕೆಂದೂ ಅದರಲ್ಲಿದೆ. ಅದು ಹಳ್ಳಿಗಳ ಯೋಜನೆ. ನಗರದ ಬಜೆಟ್ಟಿನಲ್ಲೂ ಅಂಥದ್ದೇ ಒಂದು ಸಾಲು ಬೇಕು: ಇಷ್ಟು ಓಣಿ, ಇಷ್ಟು ನಳ, ತಿಂಗಳಿಗೆ ಇಷ್ಟು ಸ್ಯಾಂಪಲ್, ಇಷ್ಟು ದುಡ್ಡು. ಬೇರೆ ಯಾವ ಕೆಲಸಕ್ಕೂ ಆ ದುಡ್ಡು ಮುಟ್ಟುವ ಹಾಗಿಲ್ಲ. ರಿಪೋರ್ಟು ವಾರ್ಡಿನಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು.

ಕಡೆಗೆ ಅಕ್ಕನ ಮನೆಯ ಎರಡು ಸ್ಯಾಂಪಲ್ ನಾನೇ ಕೊಟ್ಟುಬಂದೆ. ಫ್ಲೋರೈಡಿಗೆ ಸ್ವಚ್ಛ ಪ್ಲಾಸ್ಟಿಕ್ ಬಾಟಲಿ, ಬ್ಯಾಕ್ಟೀರಿಯಾಕ್ಕೆ ಲ್ಯಾಬಿನವರೇ ಕೊಟ್ಟ ಸ್ಟೆರೈಲ್ ಬಾಟಲಿ, ಐಸಿನಲ್ಲಿಟ್ಟು ಅದೇ ದಿನ. ಖರ್ಚು ಹೆಚ್ಚೇನಲ್ಲ, ನನ್ನ ಹಲ್ಲಿಗೆ ಡಾಕ್ಟರು ಹೇಳಿದ ರೇಟಿನ ಮುಂದೆ ಚಿಲ್ಲರೆ. ನಳದ ನೀರು ಪಾಸು. ಓಣಿಯ ಬೋರ್‌ವೆಲ್ಲಿನಲ್ಲಿ ಫ್ಲೋರೈಡ್ ಮಿತಿ ಮೀರಿತ್ತು. ಅಕ್ಕ ರಿಪೋರ್ಟನ್ನು ಎರಡು ಸಲ ಓದಿದಳು. ನಗಲಿಲ್ಲ. 'ಉಳಿದವ್ರಿಗೆ ಯಾರ ಹೇಳ್ತಾರ?' ಅಂದಳು.

ಆ ರಿಪೋರ್ಟು ಒಂದು ಮನೆಯದು, ಒಂದು ದಿನದ್ದು. ಬೇಸಿಗೆಯಲ್ಲಿ ಬೇರೆ ಬರಬಹುದು, ಮಳೆಗಾಲದಲ್ಲಿ ಬೇರೆ. ಊರಿಗೆ ಹೋದಾಗ ತಮ್ಮ ಮಾಡಿಸುವ ಕೆಲಸ ಅಲ್ಲ ಇದು. ಮುಂದಿನ ಸಲ ಓಟು ಕೇಳಲು ಬಂದವರಿಗೆ 'ನೀರ ಯಾವಾಗ ಬಿಡ್ತೀರಿ?' ಜೊತೆಗೆ 'ನಮ್ಮ ಓಣಿ ನೀರ ಕಡೇಕ ಯಾವಾಗ ಟೆಸ್ಟ್ ಮಾಡ್ಸೀರಿ?' ಅಂತಲೂ ಕೇಳು ಅಂದೆ. ಬೆಂಗಳೂರಲ್ಲಿ ಟ್ಯಾಂಕರ್ ನೀರು ಕುಡಿಯುವ ನಾವೂ ಕೇಳಬೇಕಾದ ಪ್ರಶ್ನೆ.

ಅಕ್ಕನ ಮಗಳಿಗೆ ಈಗ ಐದು ವರ್ಷ. ಇನ್ನೂ ಹಾಲುಹಲ್ಲು, ಬಾಯ್ತುಂಬ ನಗ್ತಾಳೆ. ಹೊಸ ಹಲ್ಲುಗಳು ಒಸಡಿನೊಳಗೆ ಈಗ ತಯಾರಾಗ್ತಿವೆ.